ಅವ್ವ ಹಾಡಲು ಹೊರಟಳು

ಬಿಳಿಕೆರೆ
೧೮ ಡಿಸೆಂಬರ್ ೨೦೨೪, ಬುಧವಾರ

ಪ್ರೀತಿಯ ಕಿರಣನಿಗೆ ನಿನ್ನ ಅಕ್ಕ ಯಶೋಧರಾ ಬರೆಯುವುದು.

ಹೇಗಿದ್ದೀಯಪ್ಪ? ಗಡಿಯ ಆ ಹಿಮದಲ್ಲಿ ಬೆರಳು ಮರಗಟ್ಟುತ್ತವೆ ಅಂದಿದ್ದೆಯಲ್ಲ, ಈಗ ಪರವಾಗಿಲ್ಲವೆ? ನಾನು ಕಳಿಸಿದ ಹುರಿಟ್ಟು, ಉಣ್ಣೆ ಕಾಲುಚೀಲ ಕೈಸೇರಿದವೋ, ಇಲ್ಲ ದಾರಿಯಲ್ಲೇ ಯಾರಾದರೂ ಹಂಚಿಕೊಂಡರೋ? ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಚಿನ್ನುವಿಗೆ ಸ್ವಲ್ಪ ನೆಗಡಿ, ಶಾಲೆಗೆ ಚಕ್ಕರ್ ಹಾಕಲು ಅದೊಂದು ನೆಪ. ನಿನ್ನ ಭಾವ ಅಂಗಡಿಯಾಯಿತು, ತಾವಾಯಿತು ಅಂತಿದ್ದಾರೆ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನಾಲ್ಕು ಮಾತಾಡುವಷ್ಟರಲ್ಲಿ ಲೈನು ಹೋಗುತ್ತದೆ, ಮೇಲಾಗಿ ನಿನ್ನ ಭಾವ ಪಕ್ಕದಲ್ಲೇ ಕೂತಿರುತ್ತಾರೆ. ಅದಕ್ಕೇ ಈ ಕಾಗದ. ವಿಷಯ ಅವ್ವನದು. ಗಾಬರಿಯಾಗಬೇಡ, ಆರೋಗ್ಯವಾಗಿದ್ದಾಳೆ. ಅತಿ ಆರೋಗ್ಯವಾಗಿದ್ದಾಳೆ, ನನ್ನ ಅನುಮಾನ ಶುರುವಾಗಿದ್ದೇ ಅಲ್ಲಿಂದ.

ದಸರೆ ಮುಗಿದ ಮೇಲೆ ರಾವಂದೂರಿಗೆ, ಅವ್ವನ ಮನೆಗೆ ಹೋಗಿದ್ದೆ. ಉಪ್ಪಿನಕಾಯಿ ಇಲ್ಲದೆ ತುತ್ತೆತ್ತದ ನಮ್ಮವ್ವ ಜಾಡಿಯನ್ನು ದೂರ ತಳ್ಳಿ, "ಗಂಟ್ಲು ಕೆಡ್ತದೆ ಬುಡು" ಅಂದಳು. ಮಜ್ಜಿಗೆ ಬಿಟ್ಟಿದ್ದಾಳೆ, ಬೆಳಿಗ್ಗೆ ಎದ್ದರೆ ಜೀರಿಗೆ ನೀರು. ಅಡುಗೆಮನೆಯ ಕಿಟಕಿಯಲ್ಲಿ ಬಿದ್ದಿರುತ್ತಿದ್ದ ಫೋನು ಈಗ ಸೊಂಟ ಬಿಟ್ಟು ಇಳಿಯುವುದಿಲ್ಲ. ಅದು ಬಡಿದುಕೊಂಡರೆ ಹಿತ್ತಲಿಗೆ ಹೋಗಿ ಮಾತಾಡುತ್ತಾಳೆ, ನಾನು ಹಿಂದೆ ಹೋದರೆ ನುಗ್ಗೇಮರ ನೋಡುತ್ತಾ ನಿಲ್ಲುತ್ತಾಳೆ. ಪಕ್ಕದ ಮನೆಯ ಪುಟ್ಟಸಿದ್ದಮ್ಮ ನನ್ನನ್ನು ಕರೆದು, "ನಿಮ್ಮವ್ವನ್ನ ಯಾವನೋ ಜುಟ್ಟು ಬುಟ್ಟೋನು ಕಾರಲ್ಲಿ ಕರ್ಕೊಂಡೋಯ್ತಾನೆ ಕಣವ್ವ, ಗುರುವಾರ ಗುರುವಾರ" ಅಂತ ಕಿವಿಯಲ್ಲಿ ಊದಿದಳು. ಆ ರಾತ್ರಿ ಮಲಗಿ ಯೋಚಿಸಿದ್ದೇ ಯೋಚಿಸಿದ್ದು. ಹೆಬ್ಬೆಟ್ಟು ಒತ್ತಿಸಿಕೊಂಡು ಜಮೀನು ಬರೆಸಿಕೊಳ್ಳುವವನೋ, ಮಾಟಮಂತ್ರದವನೋ, ಟಿವಿಯಲ್ಲಿ ತೋರಿಸುತ್ತಾರಲ್ಲ ಆ ಕಿಡ್ನಿ ಕದಿಯುವವನೋ, ಏನೆಲ್ಲ ಅಂದುಕೊಂಡೆ ಗೊತ್ತೆ?

ಬೆಳಿಗ್ಗೆ ಅವ್ವನನ್ನೇ ಕೇಳಿದೆ. ನಮ್ಮವ್ವ ಸುಳ್ಳು ಹೇಳಿದವಳಲ್ಲ, ಆದರೆ ಪೂರ್ತಿ ನಿಜವನ್ನೂ ಹೇಳುವವಳಲ್ಲ. "ಹಾಡೋಕ್ ಓಯ್ತೀನಿ" ಅಂದಳು, ಅಷ್ಟೆ. ಆ ಹುಡುಗ ಗೌರೀಶ್, ಮೈಸೂರಿನವನು, ಗಿಟಾರ್ ಬಾರಿಸುತ್ತಾನಂತೆ. ಎಚ್.ಡಿ. ಕೋಟೆ ಕಡೆ ಕಬಿನಿ ಹಿನ್ನೀರಿನ ದಂಡೆಯಲ್ಲಿ ಒಂದು ರೆಸಾರ್ಟು, ಅಲ್ಲಿಗೆ ಕಾಡು ನೋಡಲು ಬಂದವರ ಮುಂದೆ ಇವಳ ಹಾಡು. ಫೋನಿನಲ್ಲಿ ಒಂದು ಪೋಸ್ಟರು ತೋರಿಸಿದಳು. ಅವ್ವನ ಫೋಟೋ, ಅದರ ಕೆಳಗೆ 'ಸೋಲ್ ಸಿಂಗರ್ ಭಾಗ್ಯಮ್ಮ'. ಸೋಲ್ ಎಂದರೇನೆಂದು ಕೇಳಿದರೆ, "ಒಬ್ರು ಏಳ್ಕೊಟ್ಟಿದ್ದ ಸೊಲ್ಲನ್ನ ಇನ್ನೊಬ್ರು ತಿರುಗಿ ಏಳಾಕಿಲ್ವ ಸೋಬಾನೇಲಿ? ಅದೇ ಇರ್ಬೇಕು" ಅಂದಳು. ನನಗೋ ಅದು ಸೋಲು ಎಂದೇ ಕಾಣಿಸಿತು. ಮದುವೆಮನೆಯಲ್ಲಿ ಸೋಬಾನೆ ಹೇಳುವುದು, ಹೊಗೆಸೊಪ್ಪು ಪೋಣಿಸುತ್ತಾ ಹೆಂಗಸರ ಜೊತೆ ಹಾಡಿಕೊಳ್ಳುವುದು ಬೇರೆ. ಹೊಟ್ಟೆ ತುಂಬಿದ ಪರಸ್ಥಳದವರ ಮುಂದೆ ನಮ್ಮವ್ವನನ್ನು ಕೂರಿಸಿ ಆಡಿಸುವುದು ಬೇರೆ.

ಹೋದ ತಿಂಗಳ ಒಂದು ಗುರುವಾರ ನಿನ್ನ ಭಾವನಿಗೆ ಹುಣಸೂರಿಗೆ ನನ್ನ ಹೊಲಿಗೆಗೆ ಲೈನಿಂಗ್ ಬಟ್ಟೆ ತರಲು ಹೋಗುತ್ತೇನೆಂದು ಹೇಳಿ, ಅಲ್ಲಿಂದ ಕೋಟೆ ಬಸ್ಸು ಹತ್ತಿದೆ. ಅಂತರಸಂತೆ ದಾಟಿ ಆಟೋ ಹಿಡಿದು ಸಂಜೆ ಹೊತ್ತಿಗೆ ಸೇರಿದೆ. ಗೇಟಿನವನಿಗೆ ಹಾಡುವವರ ಮಗಳು ಎಂದರೆ ನಂಬಲಿಲ್ಲ, ಅವ್ವನ ಫೋಟೋ ತೋರಿಸಿದ ಮೇಲೆ ಬಿಟ್ಟ. ಹುಲ್ಲಿನ ಮೇಲೆ ಮೇಜು ಹಾಕಿದ್ದರು. ಜನ ತಟ್ಟೆ ತುಂಬಿಸಿಕೊಂಡು ನಗುತ್ತಾ ತಿನ್ನುತ್ತಿದ್ದರು. ಮೂಲೆಯಲ್ಲಿ ಗೌರೀಶ್ ಗಿಟಾರ್ ಮೀಟುತ್ತಿದ್ದ, ಅವ್ವ ನಾನು ಹೊಲಿದುಕೊಟ್ಟ ಹಸಿರು ರವಿಕೆ ತೊಟ್ಟು ಹಾಡುತ್ತಿದ್ದಳು. ಒಬ್ಬರಾದರೂ ಅತ್ತ ತಿರುಗಿದ್ದರೆ ಕೇಳು. ನನ್ನ ಅನುಮಾನವೇ ನಿಜ, ಇವತ್ತು ಇವಳನ್ನು ಎಳೆದುಕೊಂಡೇ ಹೋಗುವುದು ಎಂದು ಕಂಬದ ಮರೆಯಿಂದ ಇನ್ನೇನು ಹೊರಡಬೇಕು, ಅವ್ವ ನಡುವೆಯೇ ಹಾಡು ನಿಲ್ಲಿಸಿದಳು. ಗಿಟಾರ್ ಒಂದೇ ಸ್ವಲ್ಪ ದೂರ ಓಡಿ ತಾನೂ ನಿಂತಿತು.

"ಉಣ್ಣೋರು ಉಂಡ್ಕಳಿ, ಅವಸ್ರ ಇಲ್ಲ. ಉಂಡಾದ್ಮೇಲೆ ಹಾಡ್ತೀನಿ" ಅಂದಳು ಮೈಕಿನಲ್ಲೇ. ಇಪ್ಪತ್ತು ವರ್ಷ ಶಾಲೆಯಲ್ಲಿ ಬಿಸಿಯೂಟ ಬಡಿಸಿದ ಗಂಟಲು ಅದು, ಗದ್ದಲ ಮಾಡುವ ಮಕ್ಕಳನ್ನು ಸಾಲಿಗೆ ಕೂರಿಸಿದ ಗಂಟಲು. ಗೌರೀಶನ ಮುಖ ಬಿಳಿಚಿಹೋಯಿತು. ಕನ್ನಡ ಬಂದವರು ಬಾರದವರಿಗೆ ಪಿಸುಗುಟ್ಟಿದರು. ಒಬ್ಬರು ತಟ್ಟೆ ಕೆಳಗಿಟ್ಟರು, ಆಮೇಲೆ ಎಲ್ಲರೂ ಇಟ್ಟರು. ಅವ್ವ ನೀರು ಕುಡಿದು ನಿಧಾನವಾಗಿ ಹೊಸ ಪದ ಎತ್ತಿದಳು. ನಾನು ಕೇಳದ ಪದ.

"ಬದುವಿನ ಕೆಸರಾಗೆ ಹೆಜ್ಜೆ ಅಂಗೇ ಅವೆ
ಹೆಜ್ಜೆ ಇಟ್ಟವರೆಲ್ಲಿ ಹೋದಾರು..."

ಅಪ್ಪ ತೀರಿಕೊಂಡಾಗ ಅವ್ವ ಅಳಲಿಲ್ಲವೆಂದು ಊರೆಲ್ಲ ಆಡಿಕೊಂಡಿತ್ತು, ನಿನಗೆ ನೆನಪಿರಬೇಕು. ನನಗೂ ಒಳಗೊಳಗೇ ಅವಳ ಮೇಲೆ ಬೇಜಾರಿತ್ತು. ಅವಳು ಅತ್ತಿದ್ದು ಇಲ್ಲಿ, ಕಿರಣ, ಈ ಪದದಲ್ಲಿ. ಕಣ್ಣಲ್ಲಿ ಹನಿ ನೀರಿಲ್ಲ, ಎಲ್ಲವೂ ದನಿಯಲ್ಲೇ. ನಾನು ಕಂಬ ಹಿಡಿದು ಅಳುತ್ತಿದ್ದೆ. ಪದ ಮುಗಿದ ಮೇಲೆ ನನ್ನನ್ನು ಕಂಡಳು. "ಯಾಕವ್ವ ಕಳ್ಳಿ ಅಂಗೆ ನಿಂತಿದ್ದೀಯೆ? ಬಾ, ಸೊಲ್ಲು ತಕೋ" ಅಂದಳು. ಅಷ್ಟು ಜನರ ಮುಂದೆ!

ಆಮೇಲೆ ಗೌರೀಶನನ್ನು ಪಕ್ಕಕ್ಕೆ ಕರೆದು ನಮ್ಮನೆ ವಿಳಾಸ ಅವನಿಗೆ ಕೊಟ್ಟವರು ಯಾರೆಂದು ದಬಾಯಿಸಿದೆ. ಅವನು ತಡವರಿಸುತ್ತಾ ನಿನ್ನ ಹೆಸರು ಹೇಳಿದ. ಅವನಣ್ಣ ಗಡಿಯಲ್ಲಿ ನಿನ್ನ ಜೊತೆಯಲ್ಲೇ ಇದ್ದಾನಂತೆ. ನನ್ನ ಮದುವೆಯಲ್ಲಿ ಅವ್ವ ಹೇಳಿದ ಸೋಬಾನೆಯ ರೆಕಾರ್ಡಿಂಗನ್ನು ನೀನು ಅಲ್ಲಿ ಎಲ್ಲರಿಗೂ ಕೇಳಿಸಿ, ಈ ಗೌರೀಶನಿಗೂ ಕಳಿಸಿದೆಯಂತೆ. "ಅಕ್ಕನ್ಗೆ ಏಳ್ಬೇಡ, ಅವ್ಳು ಬುಡಾಕಿಲ್ಲ" ಎಂದೂ ಸೇರಿಸಿದೆಯಂತೆ. ಬಾ ನೀನು ರಜಕ್ಕೆ, ನಿನಗಿದೆ ಹಬ್ಬ!

ಇನ್ನೊಂದು ಸುದ್ದಿ. ಅವ್ವ ಶಾಲೆಯ ಅಡುಗೆ ಕೆಲಸ ಬಿಡುತ್ತಿದ್ದಾಳೆ. ಸಂಕ್ರಾಂತಿಯಿಂದ ಹಾಡುವುದೇ ಕೆಲಸವಂತೆ. ಮೈಸೂರು, ಮಡಿಕೇರಿ ಎಂದೆಲ್ಲ ಕರೆಯುತ್ತಿದ್ದಾರೆ. ಐವತ್ತು ದಾಟಿದ ಮೇಲೆ ಇದೇನವ್ವ ಎಂದು ಜಗಳವಾಡಿದೆ. "ಇಷ್ಟ್ ದಿನ ಮಂದೀ ಮಕ್ಳ ಹೊಟ್ಟೆ ತುಂಬ್ಸಿದ್ದೀನಿ. ಇನ್ನು ನನ್ ಗಂಟ್ಲಲ್ಲಿರೋದ್ನ ಬಡಿಸ್ತೀನಿ, ಬೇಕಾದೋರು ಉಣ್ಲಿ" ಅಂದಳು. ಆ ಗೌರೀಶನ ಮೇಲೆ ಮಾತ್ರ ನನಗೆ ಈಗಲೂ ಪೂರ್ತಿ ನಂಬಿಕೆಯಿಲ್ಲ. ಮಾತಿಗೆ ಮುಂಚೆ ನಗುವವರನ್ನು ನಾನು ನಂಬುವುದಿಲ್ಲ. ಒಂದು ಕಣ್ಣು ಇಟ್ಟೇ ಇರುತ್ತೇನೆ.

ಮೈ ಬೆಚ್ಚಗೆ ನೋಡಿಕೋ. ಹೊತ್ತು ಹೊತ್ತಿಗೆ ಊಟ ಮಾಡು. ಅವ್ವನ ಹರಕೆ, ಚಿನ್ನುವಿನ ಮುತ್ತು ಈ ಕಾಗದದ ಜೊತೆಗಿವೆ.

ನಿನ್ನ ಅಕ್ಕ,
ಯಶೋಧರಾ

ಮರೆತಿದ್ದೆ: ಕಣ್ಣಿಡುವುದು ಎಂದೆನಲ್ಲ, ಸುಮ್ಮನೆ ಕೂತು ಎಷ್ಟೆಂದು ನೋಡುವುದು? ಅವ್ವನಿಗೆ ಸೊಲ್ಲು ತಿರುಗಿಸಲು ಒಬ್ಬರು ಬೇಕೇ ಬೇಕು, ನಾಲ್ಕು ಗುರುವಾರದಿಂದ ನಾನೇ ಹಾಡುತ್ತಿದ್ದೇನೆ. ಸಂಕ್ರಾಂತಿಗೆ ಮೈಸೂರಿನಲ್ಲಿ ನಮ್ಮಿಬ್ಬರದೂ ಕಾರ್ಯಕ್ರಮವಿದೆ. ನಿನ್ನ ಭಾವನಿಗೆ ಹೇಳಿಲ್ಲ. ನಿನ್ನೆ ರಾತ್ರಿ ಊಟದ ಹೊತ್ತಲ್ಲಿ ನನ್ನ ಮುಖವನ್ನೇ ನೋಡುತ್ತಾ, "ಏನಮ್ಮಿ, ವಾರವಾರ ಹುಣಸೂರಲ್ಲಿ ಅಷ್ಟೇನ್ ಲೈನಿಂಗ್ ಬಟ್ಟೆ? ಉಪ್ಪಿನಕಾಯಿ ಬ್ಯಾರೆ ಮುಟ್ತಿಲ್ಲ" ಅಂದರು. ನೀನು ಹೇಳಿದರೆ ಕೇಳುತ್ತಾರೆ. ಈ ಕಾಗದ ಕಂಡ ತಕ್ಷಣ ಫೋನು ಮಾಡು, ಅವರಿಗೆ ಮಾಡು, ನನಗಲ್ಲ.