ನಿನ್ನ ಅಪ್ಪನ ವಿಮೆಯ ವಿಷಯ

ಪಾಕ್ ನಾಮ್ ಪ್ರಾಣ್, ಥಾಯ್ಲೆಂಡ್
ಫೆಬ್ರವರಿ 19, ಗುರುವಾರ

ಪ್ರೀತಿಯ ಇಂಗ್ರಿಡ್,

ಹೇಗಿದ್ದೀಯಮ್ಮ? ಕ್ರಿಸ್‌ಮಸ್ ಹೊತ್ತಿಗೆ ಮಂಜಿನ ಮೇಲೆ ಜಾರಿ ಮುರಿದುಕೊಂಡ ಮಣಿಕಟ್ಟು ಕೂಡಿತೇ? ಪಟ್ಟಿ ಬಿಚ್ಚಿದ ಮೇಲೂ ಒಂದಷ್ಟು ದಿನ ಭಾರ ಎತ್ತಬೇಡ. ಫೋನಿನಲ್ಲಿ ಅಪ್ಪ ಕೇಳಿದರೆ ‘ಏನೂ ಆಗಿಲ್ಲ’ ಅಂದೆಯಂತೆ. ಅಪ್ಪ, ಮಗಳು ಇಬ್ಬರಿಗೂ ಈ ಒಂದು ಮಾತು ಬಹಳ ಚೆನ್ನಾಗಿ ಬರುತ್ತದೆ. ಮೊಮ್ಮಗಳು ಸೋಲ್ವೈ ಮುಂದಿನ ಹಲ್ಲು ಬೀಳಿಸಿಕೊಂಡು ನಗುತ್ತಿರುವ ಫೋಟೋವನ್ನು ನಿನ್ನ ಅಪ್ಪ ಮೀನಿನಂಗಡಿಯವಳಿಗೂ ತೋರಿಸಿ ಬಂದರು. ನನ್ನಿಂದ ನಿನಗೆ ಇದು ಮೊದಲ ಕಾಗದ. ಏಳು ವರ್ಷದಿಂದ ನಿನ್ನ ಅಪ್ಪನ ಹೆಂಡತಿಯಾಗಿದ್ದರೂ ಫೋನಿನಲ್ಲಿ ‘ಚೆನ್ನಾಗಿದ್ದೀರಾ, ಚೆನ್ನಾಗಿದ್ದೇನೆ’ ಎನ್ನುವುದನ್ನು ದಾಟಿ ನಾವಿಬ್ಬರೂ ಮುಂದೆ ಹೋಗಿಲ್ಲ. ನಿನ್ನ ಅಮ್ಮನ ಜಾಗದಲ್ಲಿ ಕೂರಬೇಕೆಂದು ನಾನು ಎಂದೂ ಬಯಸಿದವಳಲ್ಲ. ಆದರೂ ವಯಸ್ಸಿನಲ್ಲಿ ದೊಡ್ಡವಳು, ಮೂವತ್ತೆರಡು ವರ್ಷ ಖಾಸಗಿ ಶಾಲೆಯೊಂದರಲ್ಲಿ ಇಂಗ್ಲಿಷ್ ಪಾಠ ಹೇಳಿದವಳು. ‘ನೀನು’ ಎಂದೇ ಕರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

ಕಳೆದ ಅಕ್ಟೋಬರಿನಲ್ಲಿ ನಿಮ್ಮ ಪ್ರಾಂತ್ಯದ ಆರೋಗ್ಯ ಕಚೇರಿಯಿಂದ ಅಪ್ಪನಿಗೆ ಒಂದು ಕಾಗದ ಬಂದಿತ್ತು. ವರ್ಷಗಳಿಂದ ಅಲ್ಲಿ ವಾಸವಿಲ್ಲ, ಆದ್ದರಿಂದ ಸರ್ಕಾರದ ಆರೋಗ್ಯ ರಕ್ಷಣೆ ಇನ್ನು ನಿಮಗಿಲ್ಲ ಎಂದು. ಅವರು ಅದನ್ನು ನನಗೆ ತೋರಿಸದೆ ಸ್ಪಾನರುಗಳ ಡಬ್ಬಿಯ ತಳಕ್ಕೆ ಸೇರಿಸಿಬಿಟ್ಟಿದ್ದರು. ಫೆರ್ರಿ ಹಡಗುಗಳ ಎಂಜಿನ್ ರಿಪೇರಿ ಮಾಡಿಕೊಂಡಿದ್ದ ಮನುಷ್ಯ, ಆ ಡಬ್ಬಿಗೆ ಇನ್ನೊಬ್ಬರು ಕೈ ಹಾಕುವುದಿಲ್ಲವೆಂದು ಅವರಿಗೆ ಗೊತ್ತು. ನವೆಂಬರಿನಲ್ಲಿ ನಮ್ಮ ದೋಣಿ ಕಟ್ಟುವ ದಕ್ಕೆಯ ಏಣಿ ಹತ್ತುವಾಗ ಪಾಚಿಗೆ ಕಾಲು ಜಾರಿ ಮೊಣಕಾಲಿನ ಕೆಳಗೆ ಸೀಳಿಕೊಂಡರು. (ಗಾಬರಿಯಾಗಬೇಡ, ಏಳು ಹೊಲಿಗೆ, ಈಗ ಗುರುತು ಮಾತ್ರ ಉಳಿದಿದೆ.) ಆಸ್ಪತ್ರೆಯ ಕೌಂಟರಿನ ಹುಡುಗಿ ವಿಮೆ ಕೇಳಿದಳು. ಇವರು ಪರ್ಸಿನಿಂದ ನಿಮ್ಮೂರಿನ ಕಾರ್ಡು ತೆಗೆದು ಮುಂದಿಟ್ಟರು. ಅವಳು ಹಿಂದೆ ಮುಂದೆ ತಿರುಗಿಸಿ ನೋಡಿ, ‘ತಾತ, ಈ ಕಾರ್ಡ್ ಇಲ್ಲಿ ನಡೆಯಲ್ಲ’ ಎಂದಳು. ‘ಈಗ ಅಲ್ಲೂ ನಡೆಯಲ್ಲಮ್ಮ, ಅಭ್ಯಾಸಕ್ಕೆ ಇಟ್ಕೊಂಡಿದೀನಿ’ ಎಂದರು ನಿನ್ನ ಅಪ್ಪ. ಪಕ್ಕದಲ್ಲಿ ನಿಂತಿದ್ದ ನನಗೆ ವಿಷಯ ಗೊತ್ತಾದದ್ದು ಹೀಗೆ, ಆ ಹುಡುಗಿಯ ಜೊತೆಯಲ್ಲೇ.

ಅಂದಿನಿಂದ ಎರಡು ತಿಂಗಳು ನಮ್ಮ ಮನೆಯಲ್ಲಿ ವಿಮೆಯದ್ದೇ ಮಾತು. ನನಗೇನೋ ಇಲ್ಲಿನ ಸರ್ಕಾರದ ಕಾರ್ಡಿದೆ, ಅದು ಹೊರದೇಶದ ಗಂಡನಿಗೆ ಸಿಗುವುದಿಲ್ಲ. ಒಂದು ಕಂಪನಿಯವರು ಎಪ್ಪತ್ತು ದಾಟಿದವರನ್ನು ಹೊಸದಾಗಿ ಸೇರಿಸಿಕೊಳ್ಳುವುದಿಲ್ಲ ಎಂದರು, ನಿನ್ನ ಅಪ್ಪನಿಗೆ ಎಪ್ಪತ್ಮೂರು. ಪ್ರವಾಸ ವಿಮೆಯವರನ್ನು ಕೇಳಿದರೆ, ಊರಿನ ಸರ್ಕಾರಿ ಕಾರ್ಡು ಚಾಲ್ತಿಯಲ್ಲಿದ್ದು ಅಲ್ಲಿಂದ ಹೊರಟವರಿಗೆ ಮಾತ್ರ ಎಂದರು. ಇನ್ನೊಬ್ಬಾತ ವಯಸ್ಸು ಕೇಳಿಕೊಂಡು, ಒಂದು ನಿಮಿಷ ಎಂದು ಫೋನಿಗೆ ಸಂಗೀತ ಹಾಕಿ ಹೋದವನು ತಿರುಗಿ ಬರಲೇ ಇಲ್ಲ. ಆ ರಾಗವನ್ನು ನಿನ್ನ ಅಪ್ಪ ಈಗಲೂ ಸ್ನಾನ ಮಾಡುವಾಗ ಗುನುಗುತ್ತಾರೆ. ಹೊರಗೆ ನಗು, ಒಳಗೆ ದಿಗಿಲು. ಅಂಗಳದ ಮಾವಿನಮರ ಹತ್ತುವುದನ್ನು ಬಿಟ್ಟರು, ಸ್ಕೂಟರನ್ನು ಪಕ್ಕದ ಮನೆಯವರಿಗೆ ಕೊಟ್ಟರು. ಮೆಟ್ಟಿಲನ್ನೂ ಗೋಡೆ ಹಿಡಿದು ಇಳಿಯುತ್ತಿದ್ದರು. ಅದನ್ನು ನೋಡಲು ನನಗೆ ಆಗುತ್ತಿರಲಿಲ್ಲ.

ಇನ್ನು, ನಿನಗೆ ಹೇಳಬಾರದೆಂದು ಅವರು ನನ್ನಿಂದ ಮಾತು ತೆಗೆದುಕೊಂಡಿದ್ದನ್ನು ಹೇಳುತ್ತೇನೆ. ಒಂದು ಸಂಜೆ ಅವರು ಕಂಪ್ಯೂಟರಿನ ಮುಂದೆ ಕೂತು ಅಗ್ಗದ ವಿಮೆಯೊಂದರ ಅರ್ಜಿ ತುಂಬುತ್ತಿದ್ದರು. ಚಹಾ ಕೊಡಲು ಹೋದವಳು ಹಿಂದಿನಿಂದ ನೋಡಿದೆ. ‘ಹೃದಯದ ಕಾಯಿಲೆ ಇದೆಯೇ’ ಎಂಬ ಪ್ರಶ್ನೆಗೆ ‘ಇಲ್ಲ’ ಎಂದು ಗುರುತು ಹಾಕಿದ್ದರು. ಇಂಗ್ರಿಡ್, ಇದೆ. ಐದು ವರ್ಷದ ಹಿಂದೆ ಬೆಳಗಿನ ತಿಂಡಿಗೆ ಕೂತವರು ಎದೆ ಹಿಡಿದುಕೊಂಡು ಬೆವತುಹೋದರು. ಬ್ಯಾಂಕಾಕಿನ ಆಸ್ಪತ್ರೆಯಲ್ಲಿ ಎರಡು ಸ್ಟೆಂಟ್ ಹಾಕಿದರು. ಅದಾದ ಮೇಲೆ ಅಷ್ಟು ದೂರದ ವಿಮಾನವೆಂದರೆ ಅವರಿಗೆ ಹೆದರಿಕೆ. ಹೆದರಿಕೆ ಎಂದು ನಿನ್ನ ಹತ್ತಿರ ಒಪ್ಪಿಕೊಳ್ಳುವುದಕ್ಕೆ ಇನ್ನೂ ದೊಡ್ಡ ಹೆದರಿಕೆ. ಸೋಲ್ವೈ ತೊಟ್ಟಿಲಲ್ಲಿದ್ದಾಗ ಒಮ್ಮೆ ನೋಡಿದವರು ಮತ್ತೆ ಬಾರದೆ ಉಳಿದದ್ದು ಇದಕ್ಕೇ. ‘ಬರೋಕೆ ಮನಸ್ಸಿಲ್ಲ ಅಂತ ಹೇಳಿಬಿಡಿ ಅಪ್ಪ, ನನಗೂ ಸಲೀಸು’ ಎಂದು ನೀನು ಫೋನಿನಲ್ಲಿ ಅಂದದ್ದು ಅಡುಗೆಮನೆಯಲ್ಲಿದ್ದ ನನಗೂ ಕೇಳಿಸಿತ್ತು. ಅವರು ಫೋನಿಟ್ಟು, ದೋಣಿಗೆ ಬಣ್ಣ ಹೊಡೆಯಲು ಹೋದರು. ಹಿಂದಿನ ವಾರವಷ್ಟೇ ಹೊಡೆದಿದ್ದ ಬಣ್ಣ.

ಆ ಅರ್ಜಿಯ ವಿಷಯಕ್ಕೆ ನಾವು ಜಗಳವಾಡಿದೆವು. ಏಳು ವರ್ಷದಲ್ಲಿ ಅಂಥ ಜಗಳ ಆಗಿರಲಿಲ್ಲ. ‘ಒಂದು ಗುರುತು ತಾನೇ ಸುಮಾಲಿ, ಯಾರು ಬಂದು ಎದೆ ಕುಯ್ದು ನೋಡ್ತಾರೆ’ ಎಂದರು. ಆಸ್ಪತ್ರೆಯವರೇ ಮೊದಲು ನೋಡುವುದು ಅದನ್ನು ಎಂದೆ ನಾನು. ‘ನೀವು ಎದೆ ಹಿಡ್ಕೊಂಡು ಬಿದ್ದ ದಿನ ಅವರು ಇದೇ ಗುರುತು ತೋರಿಸಿ, ಸುಳ್ಳು ಹೇಳಿದೀರಿ, ಒಂದು ಕಾಸೂ ಇಲ್ಲ ಅಂತಾರೆ. ಆವತ್ತು ಕೌಂಟರ್ ಮುಂದೆ ನಿಂತಿರೋಳು ನಾನು, ನೀವಲ್ಲ.’ ಅವರು ಚಹಾ ಲೋಟವನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಮೆಲ್ಲಗೆ, ‘ಮಗಳಿಗೇ ಹೇಳಿಲ್ಲ, ಕಂಪನಿಯೋರಿಗೆ ಹೇಗೆ ಹೇಳ್ಲಿ’ ಎಂದರು. ನನ್ನ ಕೋಪ ಅಲ್ಲಿಗೆ ನಿಂತಿತು. ಅವರೇ ಅರ್ಜಿಯನ್ನು ಅಳಿಸಿ ಹಾಕಿದರು.

ಮೇಷ್ಟ್ರ ಕೆಲಸ ಮಾಡಿದವರಿಗೆ ಒಂದು ಅನುಕೂಲವಿದೆ, ಎಲ್ಲಿ ಹೋದರೂ ಹಳೆಯ ವಿದ್ಯಾರ್ಥಿಗಳು ಸಿಗುತ್ತಾರೆ. ಹತ್ತಿರದ ಪಟ್ಟಣ ಹುವಾ ಹಿನ್‌ನಲ್ಲಿ ವಿಮೆ ಮಾಡಿಸಿಕೊಡುವ ಕನ್ನಿಕಾ ನನ್ನ ತರಗತಿಯಲ್ಲಿ ಸ್ಪೆಲಿಂಗ್ ಪರೀಕ್ಷೆಯಲ್ಲಿ ಒಮ್ಮೆಯೂ ಪಾಸಾದವಳಲ್ಲ. ಈಗ ಕನ್ನಡಕ ಏರಿಸಿಕೊಂಡು ಅರವತ್ತು ಪುಟದ ಪಾಲಿಸಿಯನ್ನು ನಾಲಿಗೆಯ ತುದಿಯಲ್ಲೇ ಇಟ್ಟುಕೊಂಡಿದ್ದಾಳೆ. ನಿನ್ನ ಅಪ್ಪನಿಂದ ಸ್ಟೆಂಟ್ ಹಾಕಿದ ದಿನ, ನುಂಗುವ ಮಾತ್ರೆ, ಎಲ್ಲವನ್ನೂ ಬಾಯಿ ಬಿಡಿಸಿ ಬರೆದುಕೊಂಡಳು. ಆಮೇಲೆ ನನಗೇ ಪಾಠ ಹೇಳಿದಳು: ‘ಟೀಚರ್, ಇಲ್ಲಿರೋಕೆ ಬೇಕಾದ ವಿಮೆ ಬೇರೆ, ಊರಿಗೆ ಹೋಗೋಕೆ ಬೇಕಾದ್ದು ಬೇರೆ. ನೀವು ಎರಡನ್ನೂ ಒಂದೇ ಚೀಲಕ್ಕೆ ತುಂಬೋಕೆ ನೋಡ್ತಿದೀರಿ, ಅದಕ್ಕೇ ಹರೀತಿದೆ.’ ಇಲ್ಲಿಗೆಂದು ಅವಳು ಮಾಡಿಸಿದ್ದು ಏಟು, ಜ್ವರ, ಮೂಳೆ ಮುರಿತ ಎಲ್ಲವನ್ನೂ ನೋಡಿಕೊಳ್ಳುವ ವಿಮೆ, ಹೃದಯವೊಂದನ್ನು ಬಿಟ್ಟು. ಹೃದಯಕ್ಕೆ ಅವಳು ಹೇಳಿದ ದಾರಿ ನೇರವಾಗಿತ್ತು. ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲೇ ವಾಸ ಮಾಡುತ್ತೇನೆಂದು ಊರಿಗೆ ಮರಳಿದರೆ ಕೆಲವು ತಿಂಗಳು ಕಾದ ಮೇಲೆ ಸರ್ಕಾರದ ಕಾರ್ಡು ತಿರುಗಿ ಸಿಗುತ್ತದೆ. ಆ ಪ್ರಯಾಣಕ್ಕೂ ಕಾಯುವ ತಿಂಗಳುಗಳಿಗೂ, ಕಾರ್ಡು ಇಲ್ಲದೆ ಊರಿಗೆ ಮರಳುವವರಿಗೆಂದೇ ಇರುವ ಒಂದು ಪ್ರವಾಸ ವಿಮೆ. ಆರು ತಿಂಗಳಿಂದ ಮಾತ್ರೆ ಬದಲಾಗಿಲ್ಲ, ಎದೆ ತೊಂದರೆ ಕೊಟ್ಟಿಲ್ಲ ಎಂದು ಡಾಕ್ಟರು ಬರೆದುಕೊಟ್ಟರೆ ಅದು ಹಳೆಯ ಹೃದಯವನ್ನೂ ಸೇರಿಸಿಕೊಳ್ಳುತ್ತದಂತೆ. ಕಾರ್ಡು ಕೈಗೆ ಬಂದ ಮೇಲೆ ಚಳಿಗಾಲಕ್ಕೆ ಇಲ್ಲಿಗೆ ಬರುವಾಗ ಅಲ್ಲಿಂದಲೇ ವಿಮೆ ಮಾಡಿಸಿಕೊಂಡು ಬರಬಹುದು.

ಜನವರಿ ಕೊನೆಯಲ್ಲಿ ಡಾಕ್ಟರ ಹತ್ತಿರ ಹೋದೆವು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಬಹಳ ಕಟ್ಟುನಿಟ್ಟು. ಎದೆಗೆಲ್ಲ ವೈರು ಅಂಟಿಸಿ ಟ್ರೆಡ್‌ಮಿಲ್ಲಿನ ಮೇಲೆ ನಡೆಸಿದಳು. ನಾನು ಗಾಜಿನ ಆಚೆ ಕೈ ಜೋಡಿಸಿಕೊಂಡು ನಿಂತಿದ್ದೆ. ಎರಡು ತಿಂಗಳಿಂದ ಗೋಡೆ ಹಿಡಿದು ನಡೆಯುತ್ತಿದ್ದ ಮನುಷ್ಯ ಹನ್ನೊಂದು ನಿಮಿಷ ನಡೆದರು. ಮುಖ ಕೆಂಪಾಗಿತ್ತು, ಆದರೆ ನಿಲ್ಲಿಸಿ ಎನ್ನಲಿಲ್ಲ. ಆಕೆ ವರದಿ ನೋಡಿ, ನನಗಿಂತ ನೀವೇ ಗಟ್ಟಿಯಾಗಿದ್ದೀರಿ ಎಂದು ಕಾಗದ ಬರೆಯಲು ಕೂತಳು. ಬರೆಯುತ್ತಾ, ಅಷ್ಟು ದೂರ ಯಾರನ್ನು ನೋಡಲು ಹೊರಟಿದ್ದೀರಿ ಎಂದು ಕೇಳಿದಳು. ‘ಮೊಮ್ಮಗಳನ್ನ’ ಎಂದರು. ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ, ‘ಮಗಳು ಬಾಗಿಲು ತೆಗೆದ್ರೆ’ ಎಂದು ಸೇರಿಸಿದರು.

ಹೋದ ಸೋಮವಾರ ಪ್ರವಾಸ ವಿಮೆ ಮಂಜೂರಾಗಿ ಬಂತು. ಹೃದಯವೂ ಸೇರಿದೆ, ಕನ್ನಿಕಾ ಆ ಸಾಲಿಗೆ ಹಳದಿ ಬಣ್ಣ ಬಳಿದು ಕಳಿಸಿದ್ದಾಳೆ. ಏಪ್ರಿಲ್ 27ಕ್ಕೆ ವಿಮಾನ. ನಾನು ಜೊತೆಗೆ ಬರುತ್ತಿಲ್ಲ. ನನ್ನ ಅಮ್ಮನಿಗೆ ತೊಂಬತ್ತು, ಬಿಟ್ಟು ಬರುವಂತಿಲ್ಲ. ಆರು ತಿಂಗಳಿಗೂ ಮೀರಿ ಅವರಿಲ್ಲದೆ ಮನೆ ಬಿಕೋ ಎನ್ನುತ್ತದೆ, ಇರಲಿ. ಇವತ್ತು ಬೆಳಿಗ್ಗೆ ಏಣಿ ಹಾಕಿಕೊಂಡು ಮಾವಿನ ಮರದ ಒಣಕೊಂಬೆ ಕಡಿಯುತ್ತಿದ್ದರು. ಕೆಳಗಿನಿಂದ ಬೈದೆ. ಬೈಯುವಾಗ ನನಗೆ ಎಷ್ಟು ಹಿತವಾಯಿತೋ ಹೇಳಲಾರೆ.

ಕೋಪ ಬಂದಿದ್ದರೆ ನನ್ನ ಮೇಲೆ ಮಾಡಿಕೋ, ಅವರ ಮೇಲೆ ಬೇಡ. ನಿನ್ನ ಕೈ ಬೇಗ ಗುಣವಾಗಲಿ, ಸೋಲ್ವೈಗೆ ಹೊಸ ಹಲ್ಲು ನೇರವಾಗಿ ಬರಲಿ ಎಂದು ದಿನವೂ ಬೇಡಿಕೊಳ್ಳುತ್ತೇನೆ.

ನಿನ್ನವಳೇ ಎಂದುಕೊಂಡಿರುವ,
ಸುಮಾಲಿ

ಮರೆತಿದ್ದೆ — ಅಂಚೆ ಕಚೇರಿ ಮುಚ್ಚಲು ಇಪ್ಪತ್ತು ನಿಮಿಷವಿದೆ, ಗೀಚುತ್ತಿದ್ದೇನೆ. ಕಾರ್ಡು ತಿರುಗಿ ಪಡೆಯುವ ಅರ್ಜಿಯಲ್ಲಿ ‘ಅಲ್ಲಿ ವಾಸಿಸುವ ವಿಳಾಸ’ ಎಂದು ಒಂದು ಜಾಗವಿದೆ. ಎಲ್ಲವನ್ನೂ ತುಂಬಿ ಅದನ್ನು ಮಾತ್ರ ಖಾಲಿ ಬಿಟ್ಟಿದ್ದಾರೆ. ಕೇಳಿದರೆ, ಬಂದರಿನ ಹತ್ತಿರ ಯಾವುದಾದರೂ ಬಾಡಿಗೆ ರೂಮು ನೋಡಿಕೊಳ್ಳುತ್ತೇನೆ ಎನ್ನುತ್ತಾರೆ. ಆದರೆ ಆ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಪೆನ್ಸಿಲಿನಲ್ಲಿ ನಿನ್ನ ಮನೆಯ ನಂಬರು, ಬೀದಿಯ ಹೆಸರು ಬರೆದು ಅಳಿಸಿದ ಗುರುತಿದೆ. ಒಂದು ಸಲವಲ್ಲ, ಎರಡು ಮೂರು ಸಲ. ನಾನು ಅದರ ಮೇಲೆ ಪೆನ್ನಿನಲ್ಲಿ ಬರೆದುಬಿಡಲೇ? ಹೂಂ ಅನ್ನುವುದಾದರೆ ಒಂದು ಸಾಲು ಹಾಕು. ನನಗಲ್ಲ, ಅವರ ಹೆಸರಿಗೇ ಹಾಕು.