ತಾಮ್ರದ ಮುಂದೆ ಮಾತಿಲ್ಲ

ವಿನ್‌ಸ್ಟೆಡ್, ಕನೆಕ್ಟಿಕಟ್
ಶನಿವಾರ, 9 ಮಾರ್ಚ್ 1974

ಪ್ರೀತಿಯ ಥೆಲ್ಮಾ,

ನಿನ್ನಕ್ಕ ಬ್ಯೂಲಾಳ ಮೊಣಕಾಲು ನೋವು ಹೇಗಿದೆ ಎಂದು ಕೇಳಿ ಒಂದು ಪತ್ರ ಶುರುಮಾಡಿದ್ದೆ. ಆ ಹಾಳೆಯನ್ನು ಒಲೆಗೆ ಹಾಕಿದೆ. ಅವಳ ಮೊಣಕಾಲು ಚೆನ್ನಾಗಿಯೇ ಇದೆ ಎಂಬುದು ಈಗ ನನಗೆ ಗೊತ್ತು. ನೀನು ಹೇಗಿದ್ದೀಯ? ನೋವಿದೆಯೇ? ನಿದ್ದೆ ಬರುತ್ತಿದೆಯೇ? ನಾನು ಆರೋಗ್ಯವಾಗಿದ್ದೇನೆ, ಹಾಗೆಂದು ಬರೆಯುವುದಕ್ಕೂ ನಾಚಿಕೆಯಾಗುತ್ತದೆ. ಶನಿವಾರವಲ್ಲವೇ ಎಂದು, ಪ್ರತಿ ವಾರ ನೀನು ಮಾಡುವಂತೆ ಕಾಕಂಬಿ ಹಾಕಿ ಬೀನ್ಸ್ ಬೇಯಲಿಟ್ಟೆ. ಕಾಕಂಬಿ ಹೆಚ್ಚಾಗಿ ತಳ ಹಿಡಿಯಿತು, ಬೆಕ್ಕು ಕೂಡ ಮೂಸಿ ನೋಡಿ ಎದ್ದುಹೋಯಿತು.

ಕಳೆದ ಭಾನುವಾರ ಚರ್ಚಿನ ಹಾಲಿನಲ್ಲಿ ನಮ್ಮ ನಾಣ್ಯ ಸಂಗ್ರಹಿಸುವ ಗೆಳೆಯರೆಲ್ಲ ಸೇರಿದ್ದೆವು. ನನ್ನ 1794ರ ದೊಡ್ಡ ತಾಮ್ರದ ಸೆಂಟ್ ನಾಣ್ಯವನ್ನು ಎಲ್ಲರೂ ಅಂಚು ಹಿಡಿದು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನೋಡಿದರು. ನಮ್ಮ ಮಡಿ ನಿನಗೆ ಗೊತ್ತಲ್ಲ. ತೆರೆದಿಟ್ಟ ಹಳೆ ತಾಮ್ರದ ಮೇಲೆ ಬಾಯಿ ತೆರೆಯಬಾರದು. ಎಂಜಲು ಸಾಸಿವೆಯಷ್ಟು ಹಾರಿದರೂ ಕೆಲವು ದಿನಗಳಲ್ಲಿ ಕಪ್ಪು ಚುಕ್ಕೆ ಏಳುತ್ತದೆ, ಉಜ್ಜಿ ತೆಗೆಯಲು ಹೋದರೆ ನಾಣ್ಯವೇ ಹಾಳು. ಅಷ್ಟು ಚೆನ್ನಾಗಿ ಹೇಗೆ ಕಾಪಾಡಿದೆ ಎಂದು ಹಾರ್ಲನ್ ಕೇಳಿದ. ನಾನು ಎದೆಯುಬ್ಬಿಸಿ, ಥೆಲ್ಮಾಳನ್ನು ಪಳಗಿಸಿಬಿಟ್ಟಿದ್ದೇನೆ, ಒಂದು ಬೆರಳೆತ್ತಿದರೆ ಅರ್ಧ ಮಾತಿಗೇ ನಿಲ್ಲುತ್ತಾಳೆ ಎಂದೆ. "ಪುಣ್ಯವಂತ ಕಣೋ ನೀನು, ನಮ್ಮನೇಲಿ ಎರಡೂ ಕೈ ಎತ್ತಿ ಮುಗಿದ್ರೂ ನಿಲ್ಲಲ್ಲ" ಎಂದು ಹಾರ್ಲನ್ ನಗಿಸಿದ. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ.

ನಿನ್ನೆ ಪಕ್ಕದ ಮನೆಯ ವಿನಿ ಬ್ರೆಡ್ಡು ತಂದುಕೊಟ್ಟಳು. ಅಕ್ಕನ ಮೊಣಕಾಲಿಗೆ ಆರೈಕೆ ಮಾಡಲು ಥೆಲ್ಮಾ ಹೋಗಿದ್ದಾಳೆ ಎಂದೆ. ಅವಳು ನನ್ನನ್ನೇ ದುರುಗುಟ್ಟಿ ನೋಡಿದಳು. "ಮೊಣಕಾಲಂತೆ ಮೊಣಕಾಲು. ಅವಳ ಎದೇಲಿ ಗಂಟು ಕಣಯ್ಯಾ. ಬರೋ ಗುರುವಾರ ಆಪರೇಷನ್ನು. ನಿಂಗೆ ಹೇಳೋಕೇ ಬಂದಿದ್ಲಂತೆ, ನೀನು ಬೆರಳು ತೋರಿಸಿದ್ಯಂತೆ" ಎಂದಳು. ಬ್ರೆಡ್ಡು ಹಿಡಿದು ಬಾಗಿಲಲ್ಲೇ ನಿಂತುಬಿಟ್ಟೆ.

ಆ ಸಂಜೆ ನೆನಪಿದೆ, ಥೆಲ್ಮಾ. ಅಡುಗೆಮನೆಯ ಮೇಜಿನ ಮೇಲೆ ಮಖಮಲ್ಲು ಹಾಸಿ, ಮೆತ್ತನೆಯ ಕುಂಚದಿಂದ ಸೆಂಟನ್ನು ಸವರುತ್ತಿದ್ದೆ. ನೀನು ಕೈ ಒರೆಸಿಕೊಳ್ಳುತ್ತಾ ಬಂದು "ಆರಿನ್, ನಿಂಗೊಂದು ಮಾತು" ಎಂದೆ. ನಾನು ತಲೆ ಎತ್ತಲಿಲ್ಲ, ಬೆರಳು ಮಾತ್ರ ಎತ್ತಿದೆ. ನೀನು ಟವೆಲ್ಲು ಮಡಚಿಟ್ಟು ಒಳಗೆ ಹೋದೆ. ನೀರಿನ ಪೈಪಿನ ವಿಷಯವಿರಬೇಕು ಎಂದುಕೊಂಡೆ, ಮರುದಿನ ಕೇಳುವುದನ್ನೂ ಮರೆತೆ. ನಾಣ್ಯದ ಮೇಲಿನ ಹೆಣ್ಣಿನ ಕೂದಲಿನ ಕೊನೆಯ ಸುರುಳಿ ಎಷ್ಟು ಸವೆದಿದೆ ಎಂದು ಕಣ್ಣುಮುಚ್ಚಿ ಹೇಳಬಲ್ಲೆ. "ನೂರೆಂಬತ್ತು ವರ್ಷ ಆಯ್ತು, ಆ ತಲೆಕೆದರಿದವಳಿಗೆ ಒಬ್ಬರಾದ್ರೂ ಬಾಚಣಿಗೆ ಕೊಡಬಾರದಾ" ಎಂದು ನೀನು ಛೇಡಿಸುತ್ತಿದ್ದೆ. ಆದರೆ ಮೇಲಿನ ಕಪಾಟಿನಿಂದ ಡಬ್ಬಿ ಇಳಿಸಲು ನೀನು ಈಚೆಗೆ ನನ್ನನ್ನು ಕರೆಯತೊಡಗಿದ್ದು ಕೈ ಎತ್ತಿದರೆ ನೋಯುತ್ತಿದ್ದುದಕ್ಕೆ ಎಂದು ನನಗೆ ಹೊಳೆಯಲಿಲ್ಲ. ಸೋಮಾರಿಯಾದೆಯಾ ಎಂದು ಗೇಲಿ ಬೇರೆ ಮಾಡಿದೆ. ವಿನಿಗೆ ಗೊತ್ತು, ಬ್ಯೂಲಾಳಿಗೆ ಗೊತ್ತು, ನಿನ್ನ ಪಕ್ಕದಲ್ಲೇ ಮಲಗುವವನಿಗೆ ಗೊತ್ತಿಲ್ಲ.

ನಿನ್ನೆ ಸಂಜೆ ಬ್ಯಾಂಗರ್‌ನ ನಿನ್ನಕ್ಕನ ಮನೆಗೆ ಫೋನ್ ಮಾಡಿದೆ. ಬ್ಯೂಲಾ ಹಲೋ ಎಂದಳು. ನಾನು ರಿಸೀವರ್ ಕೆಳಗಿಟ್ಟುಬಿಟ್ಟೆ. ಅದು ನಾನೇ ಎಂದು ಅವಳಿಗೆ ಹೇಳಿಬಿಡು. ಅವಳಿಗೆ ನನ್ನ ನಮಸ್ಕಾರ. ಬೈದರೆ ಬೈಯಲಿ, ಮಾಡಿದ್ದುಣ್ಣೋ ಮಹರಾಯ. ದೇವರು ನಿನ್ನನ್ನು ಕಾಪಾಡಲಿ.

ನಿನ್ನ
ಆರಿನ್

ಮರೆತಿದ್ದೆ: ಲಕೋಟೆಗೆ ಹಾಕುವ ಮೊದಲು, ತಪ್ಪೇನಾದರೂ ಬರೆದಿದ್ದೇನೆಯೇ ಎಂದು ಪತ್ರವನ್ನು ಗಟ್ಟಿಯಾಗಿ ಓದಿದೆ. ಓದಿ ಮುಗಿದ ಮೇಲೆ ನೋಡುತ್ತೇನೆ, ಸೆಂಟು ಮಖಮಲ್ಲಿನ ಮೇಲೆ ಎದುರಿಗೇ ತೆರೆದು ಬಿದ್ದಿದೆ, ನಾಣ್ಯದ ಮೇಲಿನವಳ ಕೆನ್ನೆಯ ಮೇಲೆ ಹನಿ. ಎಂಜಲೋ ಕಣ್ಣೀರೋ ಗೊತ್ತಿಲ್ಲ. ಚುಕ್ಕೆ ಏಳುತ್ತದೆ, ಏಳಲಿ. ಮಂಗಳವಾರದ ಬಸ್ಸಿಗೆ ಹೊರಡುತ್ತೇನೆ. ಬರಬೇಡ ಎನ್ನುವುದಾದರೆ ಬ್ಯೂಲಾಳಿಂದ ಫೋನ್ ಮಾಡಿಸು, ಅದು ನನಗೆ ತಕ್ಕದ್ದೇ. ಬರಬಹುದು ಎನ್ನುವುದಾದರೆ, ಆ ಸಂಜೆ ನಿಲ್ಲಿಸಿದ ಮಾತನ್ನು ಮೊದಲಿನಿಂದ ಹೇಳು. ವಿನಿಯ ಬಾಯಿಂದ ಕೇಳಿದ್ದು ಲೆಕ್ಕಕ್ಕಿಲ್ಲ.