ಬಲಗಡೆಯ ಕಾಲಮ್ಮಿನ ಮೂರು ಸಾಲು

ಹಿರೇಗುಡ್ಡ, ಗದಗ ಸೀಮೆ
ಹೊಗೆ ನಿಂತ ಅರವತ್ತೊಂದನೆಯ ವರ್ಷ, ಆಷಾಢ ಬಹುಳ ತದಿಗೆ

ನಮಗಿಂತ ನೂರಿಪ್ಪತ್ತು ವರ್ಷ ಹಿಂದಿರುವ ಹಿರಿಯರಿಗೆ,

ಮೇಲಿನ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ನಮ್ಮ ಕಡೆಯ ಕೊನೆಯ ಕಲ್ಲಿದ್ದಲು ಚಿಮಣಿ ತಣ್ಣಗಾದ ದಿನದಿಂದ ನಾವು ವರ್ಷ ಎಣಿಸುತ್ತೇವೆ. ಇಂಥ ಅಪರಿಚಿತ ಮಾತುಗಳು ಇನ್ನೂ ಕೆಲವು ಬರುತ್ತವೆ. ಬಂದಲ್ಲೇ ಅರ್ಥ ಹೇಳುತ್ತೇನೆ, ಸಹಿಸಿಕೊಳ್ಳಿ. ನನ್ನ ಹೆಸರು ಫಕೀರೇಶ ಮುಳಗುಂದ. ಇಲ್ಲಿಯ ದಿನಪತ್ರಿಕೆಯಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ವರದಿಗಾರ. ನಾನು ಮಾಡಿದ ಒಂದು ತಪ್ಪನ್ನು ಹೇಳಿಕೊಳ್ಳಲು ಬರೆಯುತ್ತಿದ್ದೇನೆ. ನಿಮಗೇ ಯಾಕೆ ಎಂದರೆ, ಆ ತಪ್ಪು ನಡೆದ ನಮೂನೆ ನಿಮ್ಮಿಂದ ಬಂದದ್ದು. ಎಡಕ್ಕೆ ಲಾಭ, ಬಲಕ್ಕೆ ನಷ್ಟ, ನಡುವೆ ಒಂದು ಗೆರೆ. ನಿಮ್ಮ ಶಾಲೆಯ ಮಕ್ಕಳ ಉತ್ತರಪತ್ರಿಕೆಗಳಲ್ಲೂ ನಿಮ್ಮ ಪತ್ರಿಕೆಗಳ ಬಾಕ್ಸ್‌ಗಳಲ್ಲೂ ಅದನ್ನು ನೋಡಿದ್ದೇನೆ.

ಮೊದಲು ನಮ್ಮ ದಿನಚರಿ ಹೇಳುತ್ತೇನೆ. ಬೆಳಗಿನ ಹತ್ತರಿಂದ ಸಂಜೆ ನಾಲ್ಕರವರೆಗಿನ ಸಮಯಕ್ಕೆ ನಾವು ತುಂಬುಹೊತ್ತು ಎನ್ನುತ್ತೇವೆ. ಹೊಲದ ಮೇಲೆ ಎತ್ತರಕ್ಕೆ ಹಾಕಿದ ಸೌರಫಲಕಗಳು ಆಗ ಬೇಕಾದಷ್ಟು ವಿದ್ಯುತ್ ಕೊಡುತ್ತವೆ. ಗಿರಣಿ ನಡೆಯುವುದು, ಬಟ್ಟೆ ಒಗೆಯುವುದು, ಇಸ್ತ್ರಿ ಮಾಡುವುದು, ತೋಟಕ್ಕೆ ನೀರು ಬಿಡುವುದು ಎಲ್ಲವೂ ಆಗಲೇ. ನಾಲ್ಕರ ನಂತರ ಬರುವುದು ಮಂದಹೊತ್ತು. ಆಷಾಢದಲ್ಲಿ ಗುಡ್ಡದ ಗಾಳಿಯಂತ್ರಗಳು ಅದನ್ನು ತುಂಬಿಕೊಡುತ್ತವೆ. ಕಾರ್ತಿಕದಲ್ಲಿ ಗಾಳಿ ಬಿದ್ದುಹೋಗುತ್ತದೆ, ರೆಕ್ಕೆಗಳು ವಾರಗಟ್ಟಲೆ ಸುಮ್ಮನೆ ನಿಂತಿರುತ್ತವೆ. ಸಗಣಿ ಮತ್ತು ಕಬ್ಬಿನ ರವದಿಯ, ಅಂದರೆ ಒಣಗರಿಯ, ಅನಿಲಕ್ಕೆ ಬಿಸಿಲು, ಗಾಳಿಯ ಹಂಗಿಲ್ಲ. ಆದರೆ ಅದರ ಗುಂಡಿಯ ಹೊಟ್ಟೆಗೆ ದಿನವೂ ಹಾಕಬೇಕು, ವಾಸನೆ ಸಹಿಸಬೇಕು. ಫಲಕಗಳನ್ನು ತೊಳೆಯಲು ನೀರು ಬೇಕು, ಮೂವತ್ತು ವರ್ಷಕ್ಕೆ ಅವು ಮುದಿಯಾಗುತ್ತವೆ. ಗಾಳಿಯಂತ್ರದ ಹಳೆಯ ರೆಕ್ಕೆ ಕರಗುವುದೂ ಇಲ್ಲ, ಕೊಳೆಯುವುದೂ ಇಲ್ಲ. ನಿಮ್ಮ ಕಾಲದ ಒಂದು ರೆಕ್ಕೆ ಈಗಲೂ ನಮ್ಮ ಬಸ್ ನಿಲ್ದಾಣದ ಚಾವಣಿಯಾಗಿದೆ. ಇಷ್ಟೆಲ್ಲ ಇದ್ದರೂ ಹೊಗೆಗೆ ಮರಳೋಣ ಎಂದವರನ್ನು ನಾನು ಕಂಡಿಲ್ಲ. ನಮ್ಮ ಮಕ್ಕಳಿಗೆ ಬೂದಿಯ ಕೆಮ್ಮು ಎಂದರೆ ಏನೆಂದು ಗೊತ್ತಿಲ್ಲ. ಇದನ್ನು ಹೇಳುವಾಗ ನನಗೆ ನಾಚಿಕೆಯಿಲ್ಲ. ನಾಚಿಕೆ ಬೇರೆ ಕಡೆ ಇದೆ.

ನಮ್ಮಲ್ಲಿ ಯಾವುದೇ ವಿದ್ಯುತ್ ಯೋಜನೆ ಬಂದರೂ ಊರು ಮತ ಹಾಕಬೇಕು. ಮತದ ಹಿಂದಿನ ವಾರ ಪತ್ರಿಕೆಯಲ್ಲಿ ಎಡಬಲ ಬರಬೇಕು. ಲಾಭ ನಷ್ಟಗಳ ಎರಡು ಕಾಲಮ್ಮಿಗೆ ನಾವಿಟ್ಟ ಹೆಸರು ಅದು. ಎರಡೂ ನಲವತ್ತೆರಡು ಸಾಲು ಇರಬೇಕು, ಒಂದು ಸಾಲು ಹೆಚ್ಚು ಕಡಿಮೆ ಆಗಬಾರದು. ಹಿಂದೆ ಯೋಜನೆ ತಂದವರು ಲಾಭವನ್ನು ಪುಟಗಟ್ಟಲೆ ಬರೆಸಿ ನಷ್ಟವನ್ನು ಮೂಲೆಗೆ ತಳ್ಳುತ್ತಿದ್ದರಂತೆ, ಅದಕ್ಕೇ ಈ ನಿಯಮ. ಎಡಬಲ ಬರೆಯುವ ಕೆಲಸ ನನ್ನದು. ಸಂತೆಯಲ್ಲಿ ಜನ ನನ್ನನ್ನು "ಏನ್ರೀ ಎಡಾಬಲಾ ಮಾಸ್ತರ, ಉಳ್ಳಾಗಡ್ಡಿ ತಗೊಳ್ಳಾಕ ಎಷ್ಟು ಸಾಲು ಬೇಕ್ರಿ?" ಎಂದು ಚೇಷ್ಟೆ ಮಾಡುತ್ತಾರೆ. ನನಗೆ ಒಳಗೊಳಗೇ ಹೆಮ್ಮೆಯಿತ್ತು.

ಏಳು ವರ್ಷದ ಹಿಂದೆ ಏರುಕೆರೆಯ ಯೋಜನೆ ಬಂತು. ತುಂಬುಹೊತ್ತಿನಲ್ಲಿ ಮಿಕ್ಕ ವಿದ್ಯುತ್ತಿನಿಂದ ಕೆಳಗಿನ ಕೆರೆಯ ನೀರನ್ನು ಗುಡ್ಡದ ಮೇಲಿನ ಕೆರೆಗೆ ಏರಿಸುವುದು, ಮಂದಹೊತ್ತಿನಲ್ಲಿ ಅದೇ ನೀರನ್ನು ಸುರಂಗದಲ್ಲಿ ಇಳಿಸಿ ಚಕ್ರ ತಿರುಗಿಸುವುದು. ಏರಿಸಲು ನಾಲ್ಕು ಯೂನಿಟ್ ಖರ್ಚಾದರೆ ಇಳಿಸುವಾಗ ಮೂರು ಸಿಗುತ್ತದೆ. ಆದರೂ ಕಾರ್ತಿಕದ ಕತ್ತಲೆ ಹೋಗುತ್ತದೆ. ಆಸ್ಪತ್ರೆ, ಶೀತಲಗೃಹ, ಮಗ್ಗಗಳು ನಿಲ್ಲುವುದಿಲ್ಲ.

ಸುರಂಗದ ದಾರಿಯ ಮೇಲೆ, ಗುಡ್ಡದ ಮಗ್ಗುಲಲ್ಲಿ ಒರತಿಹಟ್ಟಿ ಇದೆ. ಹನ್ನೊಂದು ಮನೆ, ಎಲ್ಲರೂ ಕಂಬಳಿ ನೇಯುವವರು. ಬಂಡೆಯ ಬಿರುಕಿನಿಂದ ಬರುವ ಒರತೆಯಲ್ಲೇ ಅವರು ಕುಡಿಯುವುದು, ಉಣ್ಣೆ ತೊಳೆಯುವುದು. ವರದಿಗೆ ಹೋದಾಗ ದ್ಯಾಮಕ್ಕ ಹರ್ತಿ ಎಂಬ ನೇಕಾರ್ತಿ ನನ್ನನ್ನು ಒರತೆಯ ತನಕ ಕರೆದೊಯ್ದರು. ಬಂಡೆಗೆ ಕೈಯಿಟ್ಟು ಹೇಳಿದರು: "ಈ ಕಲ್ಲಿನ್ಯಾಗ ತೂತು ಕೊರದ್ರ ನೀರು ಅತ್ತ ಇಳದ ಹೊಕ್ಕಾವ, ತಮ್ಮಾ. ನಮ್ಮಪ್ಪ ಬಾವಿ ತೋಡೂ ಮನುಷ್ಯ, ನಂಗ ಗೊತ್ತೈತಿ. ಬರಕೊಂಡ್ಯಾ?"

ಬರೆದುಕೊಂಡೆ. ಯೋಜನೆಯ ಎಂಜಿನಿಯರನ್ನೂ ಕೇಳಿದೆ. "ಆಗಬಹುದು, ಆಗದೆಯೂ ಇರಬಹುದು" ಎಂದರು.

ಎಡಗಡೆ ನಲವತ್ತೆರಡು ಸಾಲಿಗೆ ನಿಂತಿತು. ಬಲಗಡೆ ನಲವತ್ತೈದಾಯಿತು. ಪತ್ರಿಕೆಯವರಿಗೆ ಒಂದು ರೂಢಿಯಿದೆ, ನಿಮ್ಮಲ್ಲೂ ಇದೆ ಎಂದು ಬಲ್ಲೆ. ದೊಡ್ಡದನ್ನು ಮೇಲೆ ಬರೆಯಬೇಕು, ಸಣ್ಣದನ್ನು ಕೆಳಗೆ. ಜಾಗ ಸಾಲದಿದ್ದರೆ ಕೆಳಗಿನಿಂದ ಕತ್ತರಿಸಬೇಕು. ಗುಡ್ಡದ ಕೆರೆಯಲ್ಲಿ ಮುಳುಗುವ ನಾನೂರು ಎಕರೆ ಮೇಲಿತ್ತು, ನಷ್ಟವಾಗುವ ನಾಲ್ಕನೇ ಯೂನಿಟ್ ನಡುವೆ ಇತ್ತು, ಹನ್ನೊಂದು ಮನೆ ಎಲ್ಲಕ್ಕಿಂತ ಕೆಳಗಿತ್ತು. ಕೊನೆಯ ಮೂರು ಸಾಲು ತೆಗೆದೆ. ಯಾರೂ ಒತ್ತಡ ಹಾಕಲಿಲ್ಲ, ಯಾರೂ ಆಮಿಷ ಒಡ್ಡಲಿಲ್ಲ. ಅರ್ಧ ನಿಮಿಷದ ಕೆಲಸ. ಎರಡು ಕಾಲಮ್ಮೂ ಸರಿಸಮ ನಿಂತದ್ದು ನೋಡಿ ಸಮಾಧಾನವಾಗಿ ಚಹಾ ಕುಡಿಯಲು ಎದ್ದುಹೋದೆ.

ಯೋಜನೆ ಗೆದ್ದಿತು. ಒರತಿಹಟ್ಟಿಯ ಮೂವತ್ತೆಂಟು ಮತಗಳೂ "ಹೌದು" ಎಂದೇ ಬಿದ್ದಿದ್ದವು. ನಾನು ಅದನ್ನು ಸುದ್ದಿ ಮಾಡಿದೆ, ಗುಡ್ಡದ ಜನರೂ ಒಪ್ಪಿದ್ದಾರೆ ಎಂದು ಬರೆದೆ. ಸುರಂಗ ಮುಗಿದ ಹದಿನಾಲ್ಕನೇ ತಿಂಗಳಿಗೆ ಒರತೆ ಬೆರಳಿನಷ್ಟಾಯಿತು, ಮರುಬೇಸಿಗೆಗೆ ನಿಂತಿತು.

ದ್ಯಾಮಕ್ಕ ಕಚೇರಿಗೆ ಬಂದರು. ಎಡಬಲ ಬಂದಿದ್ದ ಆ ಪುಟ ಮಡಚಿ ತಂದಿದ್ದರು. ಜಗಳಕ್ಕೆ ಬಂದಿದ್ದಾರೆ ಎಂದುಕೊಂಡು ನಾನು ಉತ್ತರ ಸಿದ್ಧ ಮಾಡಿಕೊಂಡೆ. ಜಗಳವಾಡಿದ್ದರೆ ಚೆನ್ನಾಗಿತ್ತು.

"ನಾ ಹೇಳಿದ್ದು ಪೇಪರಿನ್ಯಾಗ ಇರಲಿಲ್ಲ," ಎಂದರು. "ಎರಡು ಸಲ ಓದಿಸಿ ಕೇಳಿದೆ. ಇರಲಿಲ್ಲ. ಹಂಗಂದ್ರ ನೀ ತಪಾಸ ಮಾಡಿ, ನೀರಿಗೇನೂ ಆಗೂದಿಲ್ಲಂತ ಗೊತ್ತಾಗಿ ಬಿಟ್ಟೀದಿ ಅಂತ ತಿಳಕೊಂಡೆ. ಹಟ್ಟಿಯವರಿಗೂ ನಾನಽ ಹೇಳಿದೆ, ಹೌದು ಅಂತ ಹಾಕ್ರಿ ಅಂತ."

"ಜಾಗ ಇರಲಿಲ್ಲ, ದ್ಯಾಮಕ್ಕ. ಜಾಗ ಸಾಲದಿದ್ದರೆ ಕೆಳಗಿನಿಂದ ಕತ್ತರಿಸುತ್ತೇವೆ," ಎಂದೆ.

ಅವರು ಆ ಪುಟವನ್ನು ಮತ್ತೆ ಮಡಚಿಕೊಂಡರು. "ಈಗ ಮನ್ಯಾಗ ದೀಪ ಭಾಳ ಚಲೋ ಹತ್ತತೈತಪಾ. ಆ ಬೆಳಕಿನ್ಯಾಗ ಖಾಲಿ ಕೊಡ ಸ್ವಚ್ಛ ಕಾಣತೈತಿ," ಎಂದು ಎದ್ದುಹೋದರು.

ಮರುದಿನ ಏಳನೇ ಪುಟದಲ್ಲಿ ನಾಲ್ಕು ಸಾಲಿನ ತಿದ್ದುಪಡಿ ಹಾಕಿದೆ. "ಸ್ಥಳಾಭಾವದಿಂದ ಒಂದು ಅಂಶ ಬಿಟ್ಟುಹೋಗಿತ್ತು" ಎಂದು ಬರೆದೆ. ನಾನು ಬಿಟ್ಟೆ ಎಂದು ಬರೆಯಲಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ: ನಾನು ಬಿಟ್ಟೆ.

ಈಗ ಹಟ್ಟಿಗೆ ದಿನಕ್ಕೆ ಎರಡು ಸಲ ಟ್ಯಾಂಕರ್ ಹೋಗುತ್ತದೆ. ಕುಡಿಯಲು ಸಾಲುತ್ತದೆ, ಉಣ್ಣೆಗೆ ಸಾಲುವುದಿಲ್ಲ. ಐದು ಮನೆಗೆ ಬೀಗ ಬಿದ್ದಿದೆ. ಏರುಕೆರೆಯಿಂದ ಒಳ್ಳೆಯದಾಗಿದೆ ಎಂಬುದೂ ನಿಜ. ಕಳೆದ ಕಾರ್ತಿಕದಲ್ಲಿ ನಮ್ಮ ಆಸ್ಪತ್ರೆ ಒಂದು ಗಳಿಗೆಯೂ ಕತ್ತಲಾಗಲಿಲ್ಲ. ಎಡಗಡೆ ಬರೆದ ಒಂದು ಸಾಲೂ ಸುಳ್ಳಾಗಲಿಲ್ಲ. ಬಲಗಡೆಯದೂ ಸುಳ್ಳಲ್ಲ. ಊರು ಎಲ್ಲ ತಿಳಿದೂ ಹೌದು ಎನ್ನುತ್ತಿತ್ತೇನೋ. ಒರತೆಯ ಕಡೆ ಬಿಟ್ಟು ಸುರಂಗವನ್ನು ಸುತ್ತಿಸಿ ಒಯ್ಯಿರಿ ಎನ್ನುತ್ತಿತ್ತೇನೋ. ಕೇಳುವ ಅವಕಾಶವನ್ನು ನಾನು ಕೊಡಲಿಲ್ಲ.

ಮುಂದಿನ ತಿಂಗಳು ಎರಡನೇ ಸುರಂಗಕ್ಕೆ ಮತ. ಅದು ಗುಡ್ಡದ ಆಚೆ ಮಗ್ಗುಲಲ್ಲಿ ಹೋಗುತ್ತದೆ. ಅಲ್ಲೂ ಒಂದು ಒರತೆ ಇದೆ, ಅದನ್ನು ನಂಬಿ ನಾಲ್ಕು ಮನೆಗಳಿವೆ. ಎಡಬಲ ಬರೆಯುವ ಕೆಲಸ ಬೇರೆಯವರಿಗೆ ಕೊಡಿ ಎಂದು ಸಂಪಾದಕರನ್ನು ಕೇಳಿದ್ದೆ. ಅದು ತಿಳಿದು ದ್ಯಾಮಕ್ಕ ಹೇಳಿಕಳಿಸಿದರು: "ಓಡಿ ಹೋಗಬ್ಯಾಡ ಅನ್ರಿ ಅಂವಗ. ಕತ್ತರಿ ಕೆಳಗಿಂದ ಬರತೈತಿ ಅಂತ ಅಂವಗ ಗೊತ್ತಾಗೇತಿ. ಹೊಸಬಗ ಗೊತ್ತಿರೂದಿಲ್ಲ."

ಇಂದು ಬರೆಯಲು ಕುಳಿತಿದ್ದೇನೆ. ಎಡಗಡೆ ಇನ್ನೂ ಖಾಲಿ. ಬಲಗಡೆಯ ಮೊದಲ ಮೂರು ಸಾಲಿನಲ್ಲಿ ನಾಲ್ಕು ಮನೆಯವರ ಹೆಸರಿದೆ, ಅವರ ಒರತೆಯಿದೆ. ನಾಳೆ ಬೆಳಿಗ್ಗೆ ಗುಡ್ಡ ಹತ್ತಿ ದ್ಯಾಮಕ್ಕನಿಗೆ ಓದಿ ತೋರಿಸುತ್ತೇನೆ. ಅವರು ಕೇಳುತ್ತಾರೋ, ಬಾಗಿಲು ಹಾಕಿಕೊಳ್ಳುತ್ತಾರೋ ಗೊತ್ತಿಲ್ಲ.

ನಿಮ್ಮ ಕಾಲದಲ್ಲಿ ಈ ಪಟ್ಟಿಗಳು ಈಗಷ್ಟೇ ಶುರುವಾಗಿವೆ. ಬಿಸಿಲು, ಗಾಳಿ, ನೀರು, ಸಗಣಿ ಎಲ್ಲದಕ್ಕೂ ಎರಡು ಕಾಲಮ್ಮು ಎಳೆಯುತ್ತಿದ್ದೀರಿ. ಎಳೆಯಿರಿ, ಅದು ಬೇಕು. ಎರಡೂ ಸಮವಾಗಿ ಕಂಡು ಸಮಾಧಾನವಾದ ಹೊತ್ತಿನಲ್ಲಿ ಮಾತ್ರ ಚಹಾಕ್ಕೆ ಏಳಬೇಡಿ. ಬಲಗಡೆಯ ಕೊನೆಯ ಸಾಲಿನಲ್ಲಿ ಯಾರಿದ್ದಾರೆ ಎಂದು ನೋಡಿ, ಅವರ ಮನೆಗೆ ಒಮ್ಮೆ ಹೋಗಿ ಬನ್ನಿ. ನೀರು ಕೊಟ್ಟರೆ ಕುಡಿಯಿರಿ. ಒರತೆ ತೋರಿಸಿದ ದಿನ ದ್ಯಾಮಕ್ಕ ನನಗೂ ಒಂದು ತಂಬಿಗೆ ನೀರು ಕೊಟ್ಟಿದ್ದರು.

ಇಂತಿ,
ಫಕೀರೇಶ ಮುಳಗುಂದ